ಗೋಡೆ ಮುಟ್ಟಿದರೆ ಒಂದು ಸುತ್ತು

ಏಳು ಗಂಟೆಗೆ ಬಾಗಿಲು ತೆಗೆಯಬೇಕಾದ ಕಾವಲುಗಾರ ಏಳು ದಾಟಿ ಮೂರು ನಿಮಿಷವಾದರೂ ಬಂದಿರಲಿಲ್ಲ. ವಿಂಡಮ್ ಮಾಲ್‌ನ ಪಶ್ಚಿಮ ಬಾಗಿಲ ಮುಂದೆ ನೆಡೀನ್ ಪೆಟ್ರೋಸ್ಕಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿದ್ದಳು. ಅವಳ ಎಡ ಮೊಣಕೈಯನ್ನು ಗಂಡ ಎಮಿಲ್ ಹಿಡಿದುಕೊಂಡಿದ್ದ. ಹಿಂದೆ ಇನ್ನೂ ಹನ್ನೆರಡು ಮಂದಿ, ಎಲ್ಲರೂ ಅರವತ್ತು ದಾಟಿದವರು, ದಪ್ಪ ಕೋಟುಗಳೊಳಗೆ ಕುತ್ತಿಗೆ ಹುದುಗಿಸಿಕೊಂಡು ಕಾಯುತ್ತಿದ್ದರು. ಕಾರು ನಿಲ್ಲಿಸುವ ಬಯಲಿನಲ್ಲಿ ಎರಡು ದಿನದ ಹಿಮ ಗಾಜಿನ ಹಾಗೆ ಗಟ್ಟಿಯಾಗಿತ್ತು. ನಾಲ್ಕು ಸಾವಿರ ಕಾರು ಹಿಡಿಯುವ ಜಾಗದಲ್ಲಿ ಒಂಬತ್ತು ಕಾರುಗಳಿದ್ದವು.

"ಕಾಲಿಗೆ ಕೀ ಕೊಟ್ಕೊಂಡು ಬಂದಿದೀಯಾ ಕ್ಯಾಪ್ಟನ್?" ಎಂದು ಹಿಂದಿನಿಂದ ರೂಫಸ್ ಗ್ರಿಗ್ಸ್ ನೆಡೀನಳನ್ನು ಕೇಳಿದ. "ನಿಂತಲ್ಲೇ ಅರ್ಧ ಮೈಲಿ ನಡೆದುಬಿಟ್ಟೆ."

"ಅದು ಲೆಕ್ಕಕ್ಕಿಲ್ಲ. ಗೋಡೆ ಮುಟ್ಟಿಲ್ವಲ್ಲ."

ಇವರ ನಡಿಗೆಯ ನಿಯಮ ಒಂದೇ. ಮಾಲ್‌ನ ಉದ್ದನೆಯ ಮೊಗಸಾಲೆಯನ್ನು ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಯಿಂದ ಬರಬೇಕು, ಎರಡೂ ತುದಿಯ ಗೋಡೆಯನ್ನು ಅಂಗೈಯಿಂದ ಮುಟ್ಟಬೇಕು. ಮುಟ್ಟದಿದ್ದರೆ ಸುತ್ತು ಸುತ್ತಲ್ಲ. ಪಶ್ಚಿಮ ಬಾಗಿಲ ಪಕ್ಕ ಆಸ್ಪತ್ರೆಯವರು 1996ರಲ್ಲಿ ಹಾಕಿಸಿದ ಫಲಕವಿತ್ತು: ಎರಡು ಸುತ್ತು, ಒಂದು ಮೈಲಿ. ನಡೆದ ಮೈಲಿಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದು ನೆಡೀನಳ ಕೆಲಸ. ಸಾವಿರ ಮೈಲಿಗೊಂದು ಬಿಲ್ಲೆ, ಐದು ಸಾವಿರಕ್ಕೆ ಬಿಲ್ಲೆಯ ಜೊತೆ ಕೇಕು. ಐದು ಸಾವಿರ ಈವರೆಗೆ ಯಾರೂ ಮುಟ್ಟಿರಲಿಲ್ಲ.

ಎಪ್ಪತ್ತೊಂಬತ್ತರ ರೂಫಸ್ ಮೂವತ್ತನಾಲ್ಕು ವರ್ಷ ಬೆಲ್‌ಫೋರ್ಡ್ ಊರಿನ ಶಾಲಾ ಬಸ್ಸು ಓಡಿಸಿದವನು. 2013ರ ಜನವರಿಯಲ್ಲಿ ಎದೆ ಸೀಳಿಸಿಕೊಂಡು ಹೃದಯ ರಿಪೇರಿ ಮಾಡಿಸಿಕೊಂಡ ಮೇಲೆ ವಾರಕ್ಕೆ ಐದು ದಿನ, ದಿನಕ್ಕೆ ನಾಲ್ಕು ಸುತ್ತು ಇಲ್ಲಿ ನಡೆಯುತ್ತಿದ್ದ. ಅಂದಿನ ಶುಕ್ರವಾರದ ನಡಿಗೆ ಮುಗಿದಾಗ ಅವನ ಹೆಸರಿನ ಮುಂದೆ 4,985 ಎಂದು ಬಿತ್ತು. ಇನ್ನು ಹದಿನೈದು. ಕೇಕಿಗೆ ಹೇಳಿಯಾಗಿತ್ತು.

ಆದರೆ ಅಂದು ಯಾರ ಬಾಯಲ್ಲೂ ಕೇಕಿನ ಮಾತು ಇರಲಿಲ್ಲ. ಬಾಗಿಲ ಗಾಜಿಗೆ ನೋಟೀಸು ಅಂಟಿಸಿದ್ದರು. ಮುಂದಿನ ಗುರುವಾರ ಸಂಜೆ ಆರೂವರೆಗೆ ಮಾಲ್‌ನ ತಿಂಡಿ ಅಂಗಡಿಗಳ ನಡುವಿನ ಊಟದಂಗಳದಲ್ಲೇ ಊರಿನ ಆಡಳಿತ ನಡೆಸುವ ಟ್ರಸ್ಟಿಗಳ ಸಭೆ. ಮಾಲನ್ನು ಊರಿಗೆ ಉಪಯೋಗವಾಗುವಂತೆ ಮಾರ್ಪಡಿಸುವ ಯೋಜನೆಗೆ ಅಲ್ಲಿ ಮತ ಹಾಕುತ್ತಾರೆ. ಮಾತಾಡಲು ಒಬ್ಬೊಬ್ಬರಿಗೆ ಮೂರು ನಿಮಿಷ.

ಯೋಜನೆಯ ನಕ್ಷೆಯನ್ನು ಮಾಲ್‌ನ ನಡುವೆ, ನೀರಿಲ್ಲದ ಕಾರಂಜಿಯ ಪಕ್ಕ ನಿಲ್ಲಿಸಿದ್ದರು. ಪಶ್ಚಿಮದ ಅರ್ಧ ಗ್ರಂಥಾಲಯ. ಪೂರ್ವದ ಅರ್ಧ, ಅದರ ತುದಿಯಲ್ಲಿ ಮುಚ್ಚಿಹೋದ ಡ್ರೆಕ್ಸ್‌ಲರ್ಸ್ ಅಂಗಡಿಯೂ ಸೇರಿ, ಕ್ಲಿನಿಕ್. ಎರಡರ ನಡುವೆ, ಸರಿಯಾಗಿ ಕಾರಂಜಿಯ ಹತ್ತಿರ, ಒಂದು ದಪ್ಪ ಕೆಂಪು ಗೆರೆ. ಅದು ಗೋಡೆ. ನಡೆಯುವವರಿಗಾಗಿ ಹೊರಗೆ, ಕಾರಿನ ಬಯಲನ್ನು ಒಡೆದು, ಗಿಡ ನೆಟ್ಟು, ಸುತ್ತಲೂ ಹಾದಿ ತೋರಿಸಿದ್ದರು. ನಕ್ಷೆಯಲ್ಲಿ ಗಿಡಗಳೆಲ್ಲ ಹಸಿರಾಗಿದ್ದವು.

"ಇವ್ರ ನಕ್ಷೇಲಿ ಜನವರಿ ತಿಂಗಳೇ ಇಲ್ಲ," ಎಂದ ರೂಫಸ್.

ನೆಡೀನ್ ನಗಲಿಲ್ಲ. ಮೂರು ವರ್ಷದ ಹಿಂದೆ ಎಮಿಲ್‌ಗೆ ಲಕ್ವ ಹೊಡೆದಿತ್ತು. ಬಲಗಾಲು ಅರ್ಧ ಮಾತ್ರ ಅವನ ಮಾತು ಕೇಳುತ್ತಿತ್ತು, ಬಾಯಿ ಅದಕ್ಕಿಂತ ಕಡಿಮೆ. ದಿನಾ ನಡೆಸಿ, ನಿಲ್ಲಿಸಿದರೆ ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರು ಹೇಳಿದ್ದರು. ನವೆಂಬರಿನಿಂದ ಮಾರ್ಚಿನವರೆಗೆ ಬೆಲ್‌ಫೋರ್ಡ್‌ನಲ್ಲಿ ಅವನನ್ನು ಜಾರದಂತೆ ನಡೆಸಬಹುದಾದ ನೆಲ ಇದೊಂದೇ. ಕಷ್ಟ ಇಷ್ಟೇ ಆಗಿದ್ದರೆ ಅವಳು ಯೋಜನೆಯ ಮೇಲೆ ಹರಿಹಾಯುತ್ತಿದ್ದಳು. ಆದರೆ ಕ್ಲಿನಿಕ್ ಅವಳಿಗೂ ಬೇಕಿತ್ತು. ಎಮಿಲ್‌ನ ಚಿಕಿತ್ಸೆಗೆ ವಾರಕ್ಕೆರಡು ಸಲ ಮೂವತ್ತೆಂಟು ಮೈಲಿ ದೂರದ ಆಸ್ಪತ್ರೆಗೆ ಕಾರು ಓಡಿಸುತ್ತಿದ್ದವಳು ಅವಳು.

ಮಧ್ಯಾಹ್ನ ಅವಳು ಯೋಜನೆಯ ಮುಖ್ಯಸ್ಥ ಕಾರ್ವಿನ್ ಟೇಟ್‌ಗೆ ಫೋನು ಮಾಡಿದಳು. ಕೊಲಂಬಸ್‌ನ ಆಫೀಸಿನಿಂದ ಅವನು ತಾಳ್ಮೆಯಿಂದಲೇ ಉತ್ತರಿಸಿದ.

"ಮೇಡಂ, ಆ ಗೋಡೆ ಇಲ್ದಿದ್ರೆ ಕ್ಲಿನಿಕ್ಕಿಗೆ ರೂಮು ಸಾಲಲ್ಲ. ಬೆಳಿಗ್ಗೆ ಅಲ್ಲಿ ಜನ ಓಡಾಡ್ತಾರೆ ಅನ್ನೋದಕ್ಕೆ ನನ್ಹತ್ರ ಯಾವ ಅಂಕಿನೂ ಇಲ್ಲ. ಬಾಗಿಲಲ್ಲಿ ಎಣಿಸೋ ಯಂತ್ರ ಹತ್ತರ ತನಕ ಸೊನ್ನೆ ತೋರಿಸುತ್ತೆ."

"ಯಂತ್ರ ಆನ್ ಮಾಡೋದೇ ಹತ್ತು ಗಂಟೆಗೆ ಕಣ್ರಿ."

ಅತ್ತ ಕಡೆ ಟೇಟ್ ಹಾಳೆ ತಿರುವಿದ ಸದ್ದು. "ಹಾಗಾದ್ರೆ ನಿಮ್ಮ ಅಂಕಿ ತನ್ನಿ ಮೇಡಂ. ಎಷ್ಟು ಜನ, ಎಷ್ಟು ದೂರ, ಎಷ್ಟು ಹೊತ್ತು. ನಾನು ಓದ್ತೀನಿ. ಸುಳ್ಳು ಹೇಳ್ತಿಲ್ಲ."

ಫೋನಿಟ್ಟ ಮೇಲೆ ಅವಳು ಕೂರಲಿಲ್ಲ. ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಗ್ಯಾರೇಜಿಗೆ ಅಲೆದಳು. ಒಗೆದ ಬಟ್ಟೆಯನ್ನು ಮಡಿಸಲು ಶುರುಮಾಡಿ ಅರ್ಧಕ್ಕೆ ಬಿಟ್ಟಳು. ಗ್ಯಾರೇಜಿನ ಮೂಲೆಯಲ್ಲಿ ಎಮಿಲ್‌ನ ಅಳತೆಯ ಚಕ್ರ ಕಣ್ಣಿಗೆ ಬಿತ್ತು. ಅವನು ಕೌಂಟಿಯ ರಸ್ತೆ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದವನು. ಉದ್ದನೆಯ ಹಿಡಿಕೆಗೆ ಸಿಕ್ಕಿಸಿದ ಆ ಒಂಟಿ ಚಕ್ರವನ್ನು ತಳ್ಳುತ್ತಾ ಹೋದರೆ ಅಡಿಗೊಂದು ಸಲ ಟಿಕ್ ಎನ್ನುತ್ತದೆ, ಪಕ್ಕದ ಡಬ್ಬಿಯಲ್ಲಿ ಅಂಕಿ ಏರುತ್ತದೆ.

ಶನಿವಾರ ನಡೆಯುವವರು ಬರುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಹೋದರು. ಚಕ್ರದ ಹಿಡಿಕೆಗೆ ಅವಳು ಕೈ ಹಾಕುವ ಮೊದಲೇ ಎಮಿಲ್ ಅದನ್ನು ಕಸಿದುಕೊಂಡ. ಎಡಗೈಯಲ್ಲಿ ಹಿಡಿಕೆ, ಬಲಗೈ ಅದರ ಮೇಲೆ ಸುಮ್ಮನೆ. ಅವಳ ಮೊಣಕೈ ಬಿಟ್ಟು ನಡೆಯುತ್ತಿದ್ದಾನೆಂದು ಗೊತ್ತಾಗುವಷ್ಟರಲ್ಲಿ ಅವನು ಮೂರು ಅಂಗಡಿ ದಾಟಿದ್ದ. ಮುಚ್ಚಿದ ಆಭರಣದಂಗಡಿ, ಮುಚ್ಚಿದ ಆಟಿಕೆಯಂಗಡಿ, ಇನ್ನೂ ಬದುಕಿರುವ ಕನ್ನಡಕದಂಗಡಿ. ಪೂರ್ವದ ತುದಿಯ ಡ್ರೆಕ್ಸ್‌ಲರ್ಸ್ ಶಟರಿನ ಮೇಲೆ ಎದೆಯೆತ್ತರಕ್ಕೆ ಅಂಗೈಗಳ ಕಪ್ಪು ಮಚ್ಚೆ. ಅದನ್ನು ಮುಟ್ಟಿ ತಿರುಗಿದರು. ಪಶ್ಚಿಮದ ಗೋಡೆಗೆ ಬಂದಾಗ ಎಮಿಲ್ ಬಗ್ಗಿ ಡಬ್ಬಿ ನೋಡಿದ. ಬಹಳ ಹೊತ್ತು ನೋಡಿದ.

"ಚಿಕ್ದು," ಎಂದ.

ಡಬ್ಬಿಯಲ್ಲಿ 2,112 ಎಂದಿತ್ತು. ಒಂದು ಮೈಲಿಗೆ 5,280 ಅಡಿ. ಫಲಕದ ಪ್ರಕಾರ ಸುತ್ತಿಗೆ ಅದರ ಅರ್ಧ, 2,640 ಇರಬೇಕು.

"ಚಕ್ರ ಹಳೇದಾಗಿದೆ," ಎಂದಳು ನೆಡೀನ್. ಎಮಿಲ್ ಅವಳನ್ನು ನೋಡಿದ ರೀತಿಗೆ ಅವಳೇ ತಲೆ ತಗ್ಗಿಸಿದಳು. ಇನ್ನೊಮ್ಮೆ ಅಳೆದರು. 2,112.

ಅವಳು ಶಟರಿನ ಕಡೆಗೆ ತಿರುಗಿ ನೋಡಿದಳು. ಆಗ ಹೊಳೆಯಿತು. ಡ್ರೆಕ್ಸ್‌ಲರ್ಸ್‌ನ ಚಪ್ಪಲಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು ಅವಳು. ಅಂಗಡಿ ತೆರೆಯುತ್ತಿದ್ದದ್ದು ಹತ್ತಕ್ಕಾದರೂ, ನಡೆಯುವವರಿಗಾಗಿ ಏಳಕ್ಕೇ ಶಟರು ಎತ್ತಿಡುತ್ತಿದ್ದವಳೂ ಅವಳೇ. ಆಗ ನಡಿಗೆ ಶಟರಿನಲ್ಲಿ ನಿಲ್ಲುತ್ತಿರಲಿಲ್ಲ. ಚಪ್ಪಲಿಗಳ ನಡುವೆ ಒಳಹೊಕ್ಕು, ಅತ್ತರಿನ ಕೌಂಟರು ದಾಟಿ, ಹಿಂದಿನ ಗೋಡೆ ಮುಟ್ಟಿ ಬರುತ್ತಿದ್ದರು. ಆಸ್ಪತ್ರೆಯವರು ಅಳೆದಿದ್ದು ಆ ಸುತ್ತನ್ನು. 2017ರ ಅಕ್ಟೋಬರಿನಲ್ಲಿ ಅಂಗಡಿ ಮುಚ್ಚಿತು, ಶಟರು ಇಳಿಯಿತು. ಮಾರನೆಯ ಬೆಳಿಗ್ಗೆ ಎಲ್ಲರೂ ಶಟರನ್ನೇ ಮುಟ್ಟಿ ತಿರುಗಿದರು. ಕೈಗೆ ಏನೋ ಗಟ್ಟಿಯಾಗಿ ತಾಗಿತಲ್ಲ, ಸುತ್ತು ಮುಗಿಯಿತು ಅಂದುಕೊಂಡರು. ಆರು ವರ್ಷದಿಂದ ಪ್ರತಿ ಸುತ್ತಿನಲ್ಲೂ ಐದರಲ್ಲೊಂದು ಪಾಲು ನಡೆಯದೆಯೇ ಬರೆದುಕೊಳ್ಳುತ್ತಿದ್ದರು.

ಇನ್ನೂ ನಾಚಿಕೆಯ ಸಂಗತಿ ಅವಳಿಗೆ ಮನೆಗೆ ಬಂದ ಮೇಲೆ ನೆನಪಾಯಿತು. 2018ರ ಹೊಸ ವರ್ಷದ ಸುತ್ತೋಲೆಯಲ್ಲಿ ಅವಳೇ ಕೈಯಾರೆ ಬರೆದಿದ್ದಳು: ವಯಸ್ಸಾದಂತೆ ನಾವು ಚುರುಕಾಗುತ್ತಿದ್ದೇವೆ, ನಾಲ್ಕು ಸುತ್ತಿಗೆ ಹಿಡಿಯುವ ಸಮಯದಲ್ಲಿ ಎಂಟು ನಿಮಿಷ ಇಳಿದಿದೆ.

ಭಾನುವಾರವಿಡೀ ಅವಳು ಮನೆಯೊಳಗೆ ಸುತ್ತು ಹಾಕಿದಳು. ಸಭೆಯಲ್ಲಿ ಸುಮ್ಮನೆ ಹಳೆಯ ಲೆಕ್ಕ ಹೇಳಿಬಿಡಬಹುದಿತ್ತು. ಆದರೆ ಟೇಟ್ ಅಳೆಸುತ್ತಾನೆ. ಒಂದು ಅಂಕಿ ಸುಳ್ಳಾದರೆ ಉಳಿದ ಮಾತೂ ಸುಳ್ಳಾಗುತ್ತದೆ. ಜೊತೆಗೆ ಇನ್ನೊಂದು ಯೋಚನೆ ತಲೆಯೊಳಗೆ ಕೊರೆಯುತ್ತಿತ್ತು. ನಿಜ ಹೇಳಿದರೆ ಮಾತ್ರ ಇನ್ನೊಂದು ದಾರಿ ತೋರಿಸಲು ಸಾಧ್ಯ: ನಡಿಗೆ ಒಂದು ಕಾಲದಲ್ಲಿ ಆ ಅಂಗಡಿಯ ಒಳಗೇ ಹಾದುಹೋಗುತ್ತಿತ್ತು, ಯಾರಿಗೂ ಅಡ್ಡಿಯಾಗಿರಲಿಲ್ಲ. ಕ್ಲಿನಿಕ್ಕಿನೊಳಗೂ ಹಾಗೇ ಹಾದುಹೋಗಬಹುದಲ್ಲ. ಆದರೆ ಆ ನಿಜ ಹೇಳಿದರೆ ರೂಫಸ್‌ನ ಮೈಲಿಗಳು ಹೋಗುತ್ತವೆ.

ಸೋಮವಾರ ಬೆಳಿಗ್ಗೆ, ನಡೆಯುವ ಮೊದಲೇ, ಎಲ್ಲರನ್ನೂ ಫಲಕದ ಕೆಳಗೆ ನಿಲ್ಲಿಸಿ ಹೇಳಿದಳು.

"ಅಂದ್ರೆ ನಾವು ಚುರುಕಾಗಿರಲಿಲ್ಲ?" ಎಂದಳು ಹಿಂದಿನಿಂದ ಒಬ್ಬ ಮುದುಕಿ.

"ಇಲ್ಲ. ದಾರಿ ಗಿಡ್ಡ ಆಗಿತ್ತು."

ಕೆಲವರು ನಕ್ಕರು. ರೂಫಸ್ ನಗಲಿಲ್ಲ. "ನಂದೆಷ್ಟು?" ಎಂದು ಕೇಳಿದ.

ಅವಳು ಲೆಕ್ಕ ಹಾಕಿಟ್ಟುಕೊಂಡೇ ಬಂದಿದ್ದಳು. "ಅಂಗಡಿ ಮುಚ್ಚೋ ತನಕ ಎರಡು ಸಾವಿರ. ಅದು ಸರಿಯಾಗೇ ಇದೆ. ಆಮೇಲಿನ 2,985ರಲ್ಲಿ 597 ಹೋಗುತ್ತೆ. ಉಳಿಯೋದು ಒಟ್ಟು 4,388."

"ಆಸ್ಪತ್ರೆಯಿಂದ ಬಂದಾಗ ನಂಗೆ ಮೆಟ್ಟಿಲು ಹತ್ತೋಕಾಗ್ತಿರಲಿಲ್ಲ ನೆಡೀನ್." ಕ್ಯಾಪ್ಟನ್ ಎನ್ನಲಿಲ್ಲ. "ಒಂದೊಂದು ಮೈಲಿನೂ ನಂಗೆ ನೆನಪಿದೆ. ಈಗ ನೀನು ಒಂದು ಚಕ್ರ ತಂದು ಆರ್ನೂರು ಮೈಲಿ ನಡೆದೇ ಇಲ್ಲ ಅಂತೀಯ. ಇನ್ನೆಂಟು ದಿನ ಬಾಯಿ ಮುಚ್ಕೊಂಡಿರೋಕಾಗ್ತಿರಲಿಲ್ವಾ?"

"ಸಭೆ ಗುರುವಾರ ಇದೆ."

"ನಿನ್ನ ಗಂಡನಿಗೋಸ್ಕರ ನನ್ನ ಮೈಲಿ," ಎಂದ ರೂಫಸ್. ಕೋಟಿನ ಗುಂಡಿ ಮತ್ತೆ ಹಾಕಿಕೊಂಡು ಹೊರಟುಹೋದ.

ಮಂಗಳವಾರ ಬರಲಿಲ್ಲ. ಬುಧವಾರವೂ ಇಲ್ಲ. ಅವಳು ಎರಡು ಸಲ ಫೋನು ಮಾಡಿದಳು, ಎತ್ತಲಿಲ್ಲ. ಅವನಾಡಿದ ಮಾತಿನಲ್ಲಿ ನಿಜವಿತ್ತು ಎಂಬುದೇ ಅವಳನ್ನು ಕೂರಗೊಡಲಿಲ್ಲ. ನೋಟುಬುಕ್ಕಿನಲ್ಲಿ 4,985 ಹಾಗೇ ಇತ್ತು. ತಿದ್ದಲು ಪೆನ್ನು ತೆಗೆದಳು, ಮುಚ್ಚಿಟ್ಟಳು.

ಗುರುವಾರ ಸಂಜೆ ಊಟದಂಗಳದಲ್ಲಿ ಇನ್ನೂರು ಜನ ಸೇರಿದ್ದರು. ಇಷ್ಟು ಜನ ಅಲ್ಲಿ ಸೇರಿ ಹತ್ತು ವರ್ಷವಾಗಿರಬೇಕು. ಮುಚ್ಚಿದ ಪಿಜ್ಜಾ ಅಂಗಡಿಯ ಮುಂದೆ ಮೇಜು ಹಾಕಿ ಮೂವರು ಟ್ರಸ್ಟಿಗಳು ಕೂತಿದ್ದರು. ಅಧ್ಯಕ್ಷೆಯ ಮುಂದೆ ಮೊಟ್ಟೆ ಬೇಯಿಸುವಾಗ ಹೊತ್ತು ನೋಡುವ ಪುಟ್ಟ ಗಡಿಯಾರವಿತ್ತು. ಮೂರು ನಿಮಿಷಕ್ಕೆ ಅದು ಟ್ರಿಣ್ ಎನ್ನುತ್ತಿತ್ತು, ವಾಕ್ಯ ಎಲ್ಲಿದ್ದರೂ.

ಸರದಿಯಲ್ಲಿ ನೆಡೀನಳಿಗಿಂತ ಮುಂದಿದ್ದವಳು ಒಬ್ಬ ಯುವತಿ, ಸೊಂಟದ ಮೇಲೆ ಮಗು. "ಈ ಮಗೂಗೆ ಉಬ್ಬಸ," ಎಂದಳು. "ಹೋದ ತಿಂಗಳು ಎರಡು ಸಲ ಹಿಮದಲ್ಲಿ ಮೂವತ್ತೆಂಟು ಮೈಲಿ ಕಾರು ಓಡಿಸಿದೀನಿ. ಇಲ್ಲಿ ಯಾರೋ ವಾಕಿಂಗ್ ಜಾಗ ಹೋಗುತ್ತೆ ಅಂತ ತಕರಾರು ಮಾಡ್ತಾರಂತೆ. ಅವ್ರಿಗೆ ಒಂದೇ ಮಾತು. ದಯವಿಟ್ಟು ಈ ಕ್ಲಿನಿಕ್ ತಡ ಮಾಡ್ಬೇಡಿ." ಅರ್ಧ ಸಭೆ ಚಪ್ಪಾಳೆ ತಟ್ಟಿತು. ನೆಡೀನಳ ಕೈಯೂ ತಟ್ಟುವುದರಲ್ಲಿತ್ತು.

ಅವಳ ಸರದಿ ಬಂತು. ಚೀಟಿಯಲ್ಲಿ ಬರೆದುಕೊಂಡ ಮೊದಲ ನಾಲ್ಕು ಸಾಲನ್ನು ಬಿಟ್ಟುಬಿಟ್ಟಳು.

"ಆ ರಸ್ತೇಲಿ ನಾನೂ ವಾರಕ್ಕೆರಡು ಸಲ ಹೋಗ್ತೀನಿ," ಎಂದಳು. "ಕ್ಲಿನಿಕ್ ನಾಳೇನೇ ಶುರುವಾದ್ರೂ ಸಂತೋಷ. ನನ್ನ ಗಂಡನ್ನ ಅಷ್ಟು ದೂರ ಕರ್ಕೊಂಡು ಹೋಗೋದು ಯಾಕೆ ಗೊತ್ತಾ? ಅರವತ್ತು ಅಡಿ ಉದ್ದದ ಒಂದು ಓಣೀಲಿ ಹಿಡಿಕೆ ಹಿಡಿಸಿ ನಡೆಸೋಕೆ. ಟೇಟ್ ಅವ್ರ ನಕ್ಷೇಲೂ ಅಂಥದ್ದೊಂದಿದೆ, ನೋಡಿದೀನಿ. ನಡಿಗೆ ತರಬೇತಿ ಓಣಿ, ಅರವತ್ತು ಅಡಿ. ಸ್ವಾಮಿ, ಸಾವಿರದೈವತ್ತಾರು ಅಡಿ ಉದ್ದದ ಓಣಿಗೆ ಅಡ್ಡ ಗೋಡೆ ಕಟ್ಟಿ, ಅದರೊಳಗೆ ಅರವತ್ತು ಅಡಿ ಓಣಿ ಮಾಡ್ತಿದೀರಿ."

ಮೇಜಿನ ತುದಿಯಲ್ಲಿ ಕೂತಿದ್ದ ಟೇಟ್ ತನ್ನ ಮುಂದಿನ ನಕ್ಷೆಯನ್ನು ತಿರುಗಿಸಿ ನೋಡಿಕೊಂಡ.

ಅವಳು ಅಂಕಿಗಳನ್ನು ಕೊಟ್ಟಳು. ಮೂವತ್ತೊಂದು ಹೆಸರು, ದಿನಕ್ಕೆ ಸರಾಸರಿ ಹದಿನಾಲ್ಕು ಮಂದಿ, ಏಳರಿಂದ ಒಂಬತ್ತರವರೆಗೆ. ಸುತ್ತು 2,112 ಅಡಿ, ಡ್ರೆಕ್ಸ್‌ಲರ್ಸ್ ಇದ್ದಾಗ 2,640. "ಆರು ವರ್ಷ ತಪ್ಪು ಬರ್ಕೊಂಡಿದೀವಿ. ತಪ್ಪು ನಂದು. ಆ ಶಟರು ಎತ್ತುತ್ತಿದ್ದೋಳೂ ನಾನೇ, ಇಳಿದಾಗ ಅಳೀದೆ ಇದ್ದೋಳೂ ನಾನೇ. ನಾನು ಕೇಳೋದು ಇಷ್ಟು. ಗೋಡೆ ಬದಲು ಬಾಗಿಲಿಡಿ. ರೋಗಿಗಳು ಬರೋದು ಒಂಬತ್ತಕ್ಕೆ. ಅದಕ್ಕೆ ಮುಂಚೆ ಎರಡು ಗಂಟೆ ನಾವು..."

ಗಡಿಯಾರ ಟ್ರಿಣ್ ಎಂದಿತು.

ಟೇಟ್ ಎದ್ದು ನಿಂತ. ಬಾಗಿಲಿಟ್ಟರೆ ನಾಲ್ಕು ರೂಮು ಕಡಿಮೆಯಾಗುತ್ತವೆ, ಅವುಗಳಿಗೆ ಬೇರೆ ಜಾಗ ಹುಡುಕಬೇಕು, ತಿಂಗಳುಗಳ ಕೆಲಸ ಎಂದ. "ನಿಜ ಹೇಳ್ಬೇಕು ಅಂದ್ರೆ, ಹದಿನಾಲ್ಕು ಜನಕ್ಕೋಸ್ಕರ ಅಷ್ಟು ಮಾಡ್ಬೇಕಾ ಅನ್ನೋದು ಪ್ರಶ್ನೆ," ಎಂದು ಕೂತ. ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ.

"ಇನ್ಯಾರಾದ್ರೂ ಇದೀರಾ?" ಎಂದಳು ಅಧ್ಯಕ್ಷೆ.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿಯಿತು. ರೂಫಸ್ ಯಾವಾಗ ಬಂದು ಕೂತಿದ್ದನೋ ನೆಡೀನ್ ನೋಡಿರಲಿಲ್ಲ. ಚರ್ಚಿಗೆ ಹೋಗುವ ಕೋಟು ಹಾಕಿದ್ದ. ಮೈಕಿನವರೆಗೆ ನಡೆಯಲು ಅವಸರ ಮಾಡಲಿಲ್ಲ.

"ರೂಫಸ್ ಗ್ರಿಗ್ಸ್. ಇಲ್ಲಿರೋರಲ್ಲಿ ಅರ್ಧ ಜನ ನನ್ನ ಬಸ್ಸಲ್ಲೇ ಸ್ಕೂಲಿಗೆ ಹೋದೋರು. ಸೀಟಿನ ಹಿಂದೆ ಚ್ಯೂಯಿಂಗ್ ಗಮ್ ಅಂಟಿಸಿದೋರು ಯಾರ್‍ಯಾರು ಅಂತ ನಂಗಿನ್ನೂ ನೆನಪಿದೆ." ಒಬ್ಬ ಟ್ರಸ್ಟಿ ಕೆಳಗೆ ನೋಡಿ ನಕ್ಕ. "ಹೋದ ಶುಕ್ರವಾರ ನನ್ನ ಲೆಕ್ಕ 4,985 ಮೈಲಿ. ಸೋಮವಾರ ಈಯಮ್ಮ ಚಕ್ರ ಉರುಳಿಸಿ 4,388 ಮಾಡಿದ್ಲು. ಮೂರು ದಿನ ಮನೇಲಿ ಕೂತೆ. ಸಿಟ್ಟಲ್ಲಿ ಕೂತೆ. ನಿನ್ನೆ ಸಂಜೆ ಕುರ್ಚಿಯಿಂದ ಏಳೋಕೆ ಹೋದ್ರೆ ಮಂಡಿ ಹಿಡ್ಕೊಂಡಿತ್ತು. ಮೂರೇ ದಿನ."

ಅವನು ಗಡಿಯಾರದ ಕಡೆ ನೋಡಿ ಮುಂದುವರಿಸಿದ.

"ಟೇಟ್ ಅವ್ರೆ, ಹದಿನಾಲ್ಕು ಜನ ಅಂದ್ರಲ್ಲ. ನಿಮ್ಮ ಕ್ಲಿನಿಕ್ಕಿಗೆ ಬರ್ಬೇಕಾದೋರು ನಾವೇ. ಬರದ ಹಾಗೆ ನೋಡ್ಕೊಂಡಿರೋದು ಈ ನೆಲ. ಐದು ಸಾವಿರಕ್ಕೆ ನಂಗಿನ್ನೂ ಆರ್ನೂರ ಹನ್ನೆರಡು ಮೈಲಿ ಬಾಕಿ. ದಿನಕ್ಕೆ ನಾಲ್ಕು ಸುತ್ತಿಗೆ ಹೆಚ್ಚುಕಮ್ಮಿ ಒಂದೂವರೆ ವರ್ಷ ಬೇಕು. ಹೋದ ವಾರ ಆಗಿದ್ರೆ ಕೇಕು ತಿಂದು ಮನೆಗೆ ಹೋಗ್ತಿದ್ದೆ, ನಿಮಗೆ ತೊಂದ್ರೆ ಇರ್ತಿರಲಿಲ್ಲ. ಈಗ ಹೇಳಿ. ಅದನ್ನ ನಾನೆಲ್ಲಿ ನಡೀಲಿ?"

ಇನ್ನೂ ಒಂದು ನಿಮಿಷ ಉಳಿದಿದ್ದರೂ ಹೋಗಿ ಕೂತುಬಿಟ್ಟ.

ಕ್ಲಿನಿಕ್ಕಿಗೂ ಗ್ರಂಥಾಲಯಕ್ಕೂ ಒಪ್ಪಿಗೆ ಸಿಕ್ಕಿತು, ಮೂವರದೂ ಒಂದೇ ಮತ. ಗೋಡೆಯ ವಿಷಯ ಮಾತ್ರ ಬೇರೆ ಮತಕ್ಕೆ ಬಂತು. ಒಂದರ ವಿರುದ್ಧ ಎರಡು ಮತದಿಂದ ನಿರ್ಧಾರವಾಯಿತು: ಬಾಗಿಲಿಡುವ ನಕ್ಷೆಯೊಂದನ್ನು ಟೇಟ್ ಮಾರ್ಚಿನ ಸಭೆಗೆ ತರಬೇಕು, ಅಲ್ಲಿಯವರೆಗೆ ಕಾರಂಜಿಯ ಹತ್ತಿರ ಇಟ್ಟಿಗೆ ಇಡಬಾರದು. ಉಳಿದ ಕೆಲಸ ನಿಲ್ಲುವುದಿಲ್ಲ. ಮಗುವಿನ ತಾಯಿ ಹೊರಗೆ ಹೋಗುವಾಗ ನೆಡೀನಳ ಪಕ್ಕ ನಿಂತಳು. "ತಡ ಆಗಲ್ಲ ತಾನೆ?" ಎಂದಳು. ಆಗಲ್ಲ ಎಂದು ನೆಡೀನ್ ಹೇಳಬಹುದಿತ್ತು. "ಗೊತ್ತಿಲ್ಲ ಕಣಮ್ಮ, ಮಾರ್ಚ್ ತನಕ ದಿನಾ ಫೋನು ಮಾಡಿ ಕೇಳ್ತಾ ಇರ್ತೀನಿ," ಎಂದಳು.

ಮರುದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದಾಗ ಒಳಗೆ ಟೇಟ್ ಇದ್ದ. ಊರಿನ ಹೋಟೆಲಿನಲ್ಲೇ ಉಳಿದುಕೊಂಡಿದ್ದನಂತೆ. ಕಾಲಲ್ಲಿ ಆಫೀಸಿನ ಬೂಟು, ಕೈಯಲ್ಲಿ ಬೀಗದ ಕೈ.

"ಆ ಅಂಗಡಿಯೊಳಗೆ ನಿಮ್ಮ ದಾರಿ ಎಲ್ಲಿತ್ತು ಅಂತ ತೋರಿಸಿ," ಎಂದ. "ಐನೂರ ಇಪ್ಪತ್ತೆಂಟು ಅಡಿ ಇರ್ಬೇಕು, ಅಲ್ವಾ?"

"ಇರ್ಬೇಕು ಅಂತ ಬರ್ಕೊಂಡೇ ನಾವು ಕೆಟ್ಟಿದ್ದು. ಅಳೀಬೇಕು."

ರೂಫಸ್ ಮೊದಲು ನೋಟುಬುಕ್ಕು ಕೇಳಿ ತೆಗೆದುಕೊಂಡ. 4,985ಕ್ಕೆ ತಾನೇ ಅಡ್ಡಗೆರೆ ಎಳೆದು, ಕೆಳಗೆ 4,388 ಎಂದು ದೊಡ್ಡದಾಗಿ ಬರೆದ. "ಕೇಕು?" ಎಂದ.

"ಬೇಡ ಅಂತ ಹೇಳ್ಬಿಟ್ಟೆ."

"ಯಾಕೆ? ಮೈಲಿ ಇಲ್ದಿದ್ರೆ ಹೊಟ್ಟೇನೂ ಇಲ್ವಾ? ನಿನಗೆ ಅವಸರ ಜಾಸ್ತಿ ಕ್ಯಾಪ್ಟನ್."

ಪೂರ್ವದ ತುದಿಯಲ್ಲಿ ಟೇಟ್ ಬೀಗ ತೆಗೆದ ಮೇಲೆ ಶಟರು ಸೊಂಟದೆತ್ತರಕ್ಕೆ ಎದ್ದು ಸಿಕ್ಕಿಕೊಂಡಿತು. ಟೇಟ್ ಎರಡೂ ಕೈಯಲ್ಲಿ ತಳ್ಳಿದ, ಅಲುಗಲಿಲ್ಲ. ನೆಡೀನ್ ಅವನನ್ನು ಪಕ್ಕಕ್ಕೆ ಸರಿಸಿ, ಎಡಗಡೆಯ ಕಂಬಿಯ ಬುಡಕ್ಕೆ ಕಾಲಿನಿಂದ ಒದ್ದಳು. ಶಟರು ಗಡಗಡನೆ ಮೇಲೆ ಹೋಯಿತು. ಒಳಗಿಂದ ತಣ್ಣನೆಯ ಗಾಳಿ, ಹಳೆಯ ಜಮಖಾನದ ವಾಸನೆ. ಕಪಾಟುಗಳಿದ್ದ ಕಡೆ ನೆಲ ಬೇರೆ ಬಣ್ಣಕ್ಕಿತ್ತು. ಅವುಗಳ ನಡುವೆ ಬಿಳಿ ಹಾಸುಗಲ್ಲಿನ ದಾರಿ ಹತ್ತಾರು ಹೆಜ್ಜೆ ಕಾಣಿಸಿ ಕತ್ತಲಲ್ಲಿ ಮುಗಿಯುತ್ತಿತ್ತು.

ಎಮಿಲ್ ಜೊತೆಗೆ ತಂದಿದ್ದ ಚಕ್ರದ ಡಬ್ಬಿಯ ಅಂಕಿಯನ್ನು ಸೊನ್ನೆಗೆ ತಿರುಗಿಸಿ, ಯಾರನ್ನೂ ಕಾಯದೆ ಒಳಗೆ ನಡೆದ. ಟಿಕ್, ಟಿಕ್ ಎನ್ನುತ್ತಾ ಚಕ್ರ ದೂರವಾಯಿತು. ಟೇಟ್ ಮೊಬೈಲಿನ ಬೆಳಕು ಹಿಡಿದು ಅವನ ಹಿಂದೆ ಅವಸರವಾಗಿ ಹೋದ.

ರೂಫಸ್ ಹೊಸ್ತಿಲಲ್ಲಿ ನಿಂತು ಎಡಗಾಲಿನ ಲೇಸು ಬಿಗಿ ಮಾಡಿಕೊಂಡ. "ಇದು ಲೆಕ್ಕಕ್ಕೆ ಬರುತ್ತಾ?"

"ಹಿಂದಿನ ಗೋಡೆ ಮುಟ್ಟಿದ್ರೆ," ಎಂದಳು ನೆಡೀನ್. ಅಷ್ಟರಲ್ಲಿ ಅವಳು ಎರಡು ಹೆಜ್ಜೆ ಮುಂದಿದ್ದಳು.